ಮನೆಯ ಕಂಪ್ಯೂಟರಿನ ಬೀಗ ತೆಗೆಯುವ ಅಧಿಕಾರ ಸರ್ಕಾರಕ್ಕೆ ಎಷ್ಟರ ಮಟ್ಟಿಗೆ ಇರಬೇಕು?

ಮಲ್ಲಂದೂರು ಬೆಳೆಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರಿನ ಕಡೆ ನಮಗೆ ಹನ್ನೆರಡು ಎಕರೆ ಕಾಫಿ ತೋಟವಿದೆ. ಮಗಳ ಓದಿಗೆಂದು ತಂದ ಕಂಪ್ಯೂಟರು ಈಗ ತೋಟದ ಕಚೇರಿಯೇ ಆಗಿಬಿಟ್ಟಿದೆ. ಕಾರ್ಮಿಕರ ಚೆಕ್‌ರೋಲ್ (ಹಾಜರಿ ಪಟ್ಟಿ), ವಾರದ ಬಟವಾಡೆಯ ಲೆಕ್ಕ, ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಳುಹಿಸಿದ ಮೂಟೆಗಳ ವಿವರ, ದಿನದಿನದ ಮಳೆಯ ಅಳತೆ ಎಲ್ಲವೂ ಅದರಲ್ಲಿವೆ. ಅದೇ ಯಂತ್ರದಲ್ಲಿ ನನ್ನ ಹೆಂಡತಿಯ ಆಸ್ಪತ್ರೆಯ ವರದಿಗಳೂ, ಆಸ್ತಿಯ ಪಾಲಿನ ವಿಚಾರವಾಗಿ ತಮ್ಮನಿಗೂ ನನಗೂ ನಡೆದ ಪತ್ರವ್ಯವಹಾರವೂ, ಮಗಳು ಯಾರಿಗೂ ತೋರಿಸದೆ ಬರೆದಿಟ್ಟುಕೊಂಡಿರುವ ಕಥೆಗಳೂ ಇವೆ.

ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಮಾರಿದರೆ ಬರುವ ಹಣ ಕೃಷಿ ಆದಾಯ. ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ ಶೇಕಡಾ 25 ಭಾಗವೂ, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ಭಾಗವೂ ತೆರಿಗೆಗೆ ಒಳಪಡುತ್ತದೆಂದು ಆದಾಯ ತೆರಿಗೆಯ 7ಬಿ ನಿಯಮ ಹೇಳುತ್ತಾ ಬಂದಿದೆ. ಎರಡು ವರ್ಷಗಳಿಂದ ನಾವು ಸ್ವಲ್ಪ ಪುಡಿಯನ್ನೂ ಮಾಡಿ ಮಾರುತ್ತಿರುವುದರಿಂದ ಆಡಿಟರ ಮೂಲಕ ಲೆಕ್ಕ ಸಲ್ಲಿಸುತ್ತಿದ್ದೇನೆ. ಮೊನ್ನೆ ಅವರ ಕಚೇರಿಯಲ್ಲಿ ಕುಳಿತಿದ್ದಾಗ, 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಅಧಿಕಾರಿಗಳು ಕಂಪ್ಯೂಟರಿನ ಪಾಸ್‌ವರ್ಡನ್ನು ಮೀರಿ ಒಳಹೊಕ್ಕು ನೋಡಬಹುದೆಂಬ ಮಾತು ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಲೆಕ್ಕ ಸರಿಯಾಗಿದ್ದವನಿಗೆ ಹೆದರಿಕೆ ಯಾಕಪ್ಪ?’ ಎಂದು ನಕ್ಕರು.

ನನ್ನ ಲೆಕ್ಕ ಸರಿಯಾಗಿಯೇ ಇದೆ. ಆದರೆ ನಮ್ಮ ತಂದೆಯ ಕಾಲದಲ್ಲಿ ಲೆಕ್ಕದ ಪುಸ್ತಕ ಮೇಜಿನ ಮೇಲಿರುತ್ತಿತ್ತು, ಅಮ್ಮನ ಕಾಗದಗಳು ಬೀರುವಿನಲ್ಲಿರುತ್ತಿದ್ದವು. ಕೇಳಿದವರಿಗೆ ಪುಸ್ತಕವನ್ನು ಕೊಟ್ಟು ಬೀರುವನ್ನು ಮುಚ್ಚಿಕೊಳ್ಳಬಹುದಿತ್ತು. ಈಗ ಎರಡೂ ಒಂದೇ ಡಬ್ಬಿಯೊಳಗೆ ಸೇರಿಕೊಂಡಿವೆ. ಈ ಅಧಿಕಾರ ನಿಜವಾಗಿ ಎಷ್ಟು ದೂರ ಹೋಗುತ್ತದೆ, ಮನೆಯ ಯಂತ್ರಕ್ಕೆ ಬೀಗ ಹಾಕಿಕೊಳ್ಳುವುದರಲ್ಲಿ ಏನಾದರೂ ಅರ್ಥವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಹಾಸನದ ವಕೀಲ

ಮಾನ್ಯರೇ, ನೀವು ಕೇಳಿದ ಮಾತು ನಿಜ. ಆದರೆ ಅದರಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಬಿಡಿಸಿ ನೋಡಬೇಕಾಗುತ್ತದೆ. 1961ರ ಕಾಯ್ದೆಯ 132ನೇ ಸೆಕ್ಷನ್ ಪ್ರಕಾರವೂ, ಶೋಧದ ಸಮಯದಲ್ಲಿ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ನೋಡಲು ಮನೆಯವರು ಅನುಕೂಲ ಮಾಡಿಕೊಡಲೇಬೇಕಿತ್ತು. ಮಾಡಿಕೊಡದಿದ್ದರೆ ಎರಡು ವರ್ಷಗಳವರೆಗೆ ಕಠಿಣ ಸಜೆ ವಿಧಿಸಬಹುದಿತ್ತು. 2025ರ ಕಾಯ್ದೆಯ 247ನೇ ಸೆಕ್ಷನ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಪ್ರವೇಶದ ಸಂಕೇತ ದೊರೆಯದಿದ್ದಲ್ಲಿ ಅದನ್ನು ಮೀರಿ ಒಳಹೋಗುವ ಅಧಿಕಾರವನ್ನು ಅಧಿಕಾರಿಗೇ ಕೊಡುತ್ತದೆ. ಅದೂ ಮನೆಯಲ್ಲಿರುವ ಯಂತ್ರಕ್ಕಷ್ಟೇ ಸೀಮಿತವಾಗಿಲ್ಲ. ‘ವರ್ಚುವಲ್ ಡಿಜಿಟಲ್ ಸ್ಪೇಸ್’ ಎಂಬ ಹೊಸ ಹೆಸರಿನಡಿ ಇಮೇಲ್ ಸರ್ವರ್, ಸಾಮಾಜಿಕ ಜಾಲತಾಣದ ಖಾತೆ, ಆನ್‌ಲೈನ್ ಬ್ಯಾಂಕ್ ಮತ್ತು ಷೇರು ಖಾತೆ, ದೂರದ ಕ್ಲೌಡ್ ಸರ್ವರ್ ಇವೆಲ್ಲವನ್ನೂ ಸೇರಿಸಲಾಗಿದೆ.

ಒಂದು ಸಮಾಧಾನದ ಸಂಗತಿಯೆಂದರೆ, ಇದು ಶೋಧ ಮತ್ತು ಜಪ್ತಿಯ ಅಧಿಕಾರ. ಲೆಕ್ಕಪತ್ರದ ಬಗ್ಗೆ ನೋಟಿಸ್ ಬಂದ ಪ್ರತಿಯೊಬ್ಬರ ಮನೆಗೂ ಇದನ್ನು ಹಿಡಿದುಕೊಂಡು ಬರುವಂತಿಲ್ಲ. ತಮ್ಮಲ್ಲಿರುವ ಮಾಹಿತಿಯ ಆಧಾರದ ಮೇಲೆ ಹಿರಿಯ ಅಧಿಕಾರಿಗೆ ‘ನಂಬಲು ಕಾರಣ’ವಿರಬೇಕು. ಅಸಮಾಧಾನದ ಸಂಗತಿಯೂ ಅದಕ್ಕೇ ಅಂಟಿಕೊಂಡಿದೆ: ಆ ಕಾರಣವನ್ನು ಯಾವ ವ್ಯಕ್ತಿಗೂ, ಯಾವ ಪ್ರಾಧಿಕಾರಕ್ಕೂ, ಮೇಲ್ಮನವಿ ನ್ಯಾಯಮಂಡಳಿಗೂ ತಿಳಿಸಬೇಕಾಗಿಲ್ಲವೆಂದು 2017ರ ಹಣಕಾಸು ಕಾಯ್ದೆ ಸೇರಿಸಿತು, ಅದನ್ನು 1962ರಿಂದಲೇ ಪೂರ್ವಾನ್ವಯ ಮಾಡಿತು. ಅದೇ ವರ್ಷದ ಆಗಸ್ಟ್ 24ರಂದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದ್ದನ್ನು ನೆನೆದರೆ, ಸಂಸತ್ತು ಮತ್ತು ನ್ಯಾಯಾಲಯ ಎರಡು ದಿಕ್ಕಿಗೆ ಹೊರಟಂತೆ ನನಗೆ ತೋರುತ್ತದೆ.

ಪಾಸ್‌ವರ್ಡನ್ನು ಹೇಳಲೇಬೇಕೇ ಎಂಬುದರಲ್ಲಿ ನ್ಯಾಯಾಲಯಗಳಲ್ಲೇ ಒಮ್ಮತವಿಲ್ಲ. ಅಪರಾಧ ಪ್ರಕರಣಗಳ ಮಟ್ಟಿಗೆ, 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತೆ ಆಗುವುದಿಲ್ಲವೆಂದಿತು. ಮರುವರ್ಷ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯವೊಂದು ಆರೋಪಿಯನ್ನು ಅದಕ್ಕೆ ಬಲವಂತಪಡಿಸಲಾಗದೆಂದಿತು. ಆದರೆ ಖನ್ನಾ ತೀರ್ಪಿನಲ್ಲಿ ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಜಪ್ತಿಯ ಕ್ರಮದ ಬಗ್ಗೆ ಕೊಟ್ಟ ನಿರ್ದೇಶನಗಳು: ತಜ್ಞರು ಜೊತೆಯಲ್ಲಿರಬೇಕು, ಆಫ್ ಆಗಿದ್ದ ಯಂತ್ರವನ್ನು ಅಲ್ಲಿ ಆನ್ ಮಾಡಬಾರದು, ಮೊದಲೇ ಆನ್ ಆಗಿದ್ದರೆ ಪರದೆಯ ಚಿತ್ರ ತೆಗೆಯಬೇಕು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದರ ಸುತ್ತಲೇ ಇದೆ. ಬೀಗ ತೆಗೆಯುವರೋ ಇಲ್ಲವೋ ಎಂಬುದಕ್ಕಿಂತ, ಯಂತ್ರ ಮನೆಯ ಹೊಸ್ತಿಲು ದಾಟಿದ ಗಳಿಗೆಯಲ್ಲಿ ಅದರೊಳಗೆ ಏನಿತ್ತು ಎಂಬುದಕ್ಕೆ ನಿಮ್ಮ ಕೈಯಲ್ಲಿ ಯಾವ ದಾಖಲೆ ಉಳಿಯುತ್ತದೆ ಎಂಬುದು ದೊಡ್ಡ ಪ್ರಶ್ನೆ. ಹಾರ್ಡ್ ಡಿಸ್ಕಿನ ಹ್ಯಾಷ್ ಮೌಲ್ಯ ಎಂಬುದೊಂದಿದೆ; ಒಳಗಿರುವ ಮಾಹಿತಿಯನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಕಂಪ್ಯೂಟರು ಕೊಡುವ ಅಂಕಿ-ಅಕ್ಷರಗಳ ಒಂದು ಗುರುತಿನ ಸಾಲು ಅದು. ಒಳಗಿನ ಒಂದೇ ಒಂದು ಅಕ್ಷರ ಬದಲಾದರೂ ಅದು ಪೂರ್ತಿ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದ ನಮೂನೆಯಲ್ಲಿ ಅದನ್ನು ಬರೆಯಲು ಜಾಗವೇ ಇದೆ. ಆದರೆ ಆ ಪ್ರಮಾಣಪತ್ರ ನ್ಯಾಯಾಲಯಕ್ಕೆ ಹಾಜರುಪಡಿಸುವಾಗಿನ ಮಾತು. ಮಹಜರು ಬರೆಯುವಾಗಲೇ ಆ ಅಂಕಿಯನ್ನು ಬರೆದು ಮನೆಯವರ ಸಹಿ ಪಡೆದು ಪ್ರತಿಯನ್ನು ಕೊಡಬೇಕೆಂಬುದು ಕಾಯ್ದೆಯ ಮಾತಾಗಬೇಕಿತ್ತು. 2018ರ ಭೀಮಾ ಕೋರೆಗಾಂವ್ ಹಿಂಸಾಚಾರದ ಪ್ರಕರಣದಲ್ಲಿ ಆರೋಪಿಯಾದ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನೊಳಕ್ಕೆ, ಜಪ್ತಿಗೂ ಮೊದಲೇ, ಹೊರಗಿನಿಂದ ಕಡತಗಳನ್ನು ಸೇರಿಸಲಾಗಿತ್ತೆಂದು ಆರ್ಸೆನಲ್ ಎಂಬ ಅಮೆರಿಕದ ಡಿಜಿಟಲ್ ಪರೀಕ್ಷಾ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಯಾರ ಮಾತು ಸರಿಯೆಂದು ನಾನು ಇಲ್ಲಿ ತೀರ್ಮಾನಿಸುವುದಿಲ್ಲ; ಆದರೆ ಅಂತಹ ಪರೀಕ್ಷೆ ಸಾಧ್ಯವಾದದ್ದೇ ಆರೋಪಿಯ ಕಡೆಯವರಿಗೆ ಡಿಸ್ಕಿನ ನಕಲು ದೊರೆತದ್ದರಿಂದ.

ಸಕಲೇಶಪುರ ಕಂಪ್ಯೂಟರ್ ರಿಪೇರಿ

ವಕೀಲರು ಕಾನೂನು ಹೇಳಿದರು, ನಾನು ಅಂಗಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ಹೊಸ ಲ್ಯಾಪ್‌ಟಾಪ್ ತರುವವರು ಹೆಚ್ಚಾಗಿದ್ದಾರೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಯಂತ್ರವನ್ನು ಸಿದ್ಧಪಡಿಸಿದರೆ, ಇತ್ತೀಚಿನ ಬಹುಪಾಲು ಯಂತ್ರಗಳಲ್ಲಿ ಡಿಸ್ಕು ನಮ್ಮನ್ನು ಕೇಳದೆಯೇ ಗೂಢಲಿಪಿಗೆ ಹೋಗಿಬಿಡುತ್ತದೆ, ಅಂದರೆ ಎನ್‌ಕ್ರಿಪ್ಟ್ ಆಗುತ್ತದೆ. ಅದನ್ನು ತೆರೆಯುವ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲಿ, ಅಂದರೆ ಕಂಪನಿಯ ಸರ್ವರಿನಲ್ಲಿ ಕುಳಿತಿರುತ್ತದೆ. ಕಾನೂನುಬದ್ಧ ಆದೇಶ ಹೋದರೆ ಕಂಪನಿ ಅದನ್ನು ಕೊಡಬಲ್ಲದು. ಹೀಗಾಗಿ, ‘ನನ್ನ ಯಂತ್ರಕ್ಕೆ ಬೀಗವಿದೆ’ ಎಂದುಕೊಂಡವರ ಎರಡನೆಯ ಬೀಗದಕೈ ಬೇರೆಯವರ ಮನೆಯಲ್ಲಿದೆ.

ಕಳೆದ ಮಳೆಗಾಲದಲ್ಲಿ ಆನೆಮಹಲ್ ಕಡೆಯ ಮನೆಯೊಂದರಿಂದ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟ ಲ್ಯಾಪ್‌ಟಾಪ್ ಬಂತು. ಬೋರ್ಡು ಬದಲಿಸಿದೆ, ಪರದೆಯ ಮೇಲೆ ನೀಲಿ ಪುಟ ಬಂದು 48 ಅಂಕಿ ಕೇಳಿತು. ಖಾತೆಯನ್ನು ಮಾಡಿಕೊಟ್ಟಿದ್ದವನು ಅದನ್ನು ಮಾರಿದ ಅಂಗಡಿಯ ಹುಡುಗ. ಅವನು ಕೊಟ್ಟಿದ್ದ ಮೊಬೈಲ್ ಸಂಖ್ಯೆ ಈಗ ಯಾರದೋ. ಆ ಮನೆಯ ಯಜಮಾನರ ಕೊನೆಯ ಎರಡು ವರ್ಷಗಳ ಫೋಟೋಗಳೆಲ್ಲ ಅದರೊಳಗೆ ಇದ್ದವು. ಅವರ ಹೆಂಡತಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದು ಎದ್ದು ಹೋದರು. ಸರ್ಕಾರದಿಂದ ಬಚ್ಚಿಡುವ ಮಾತಿರಲಿ, ಮೊದಲು ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಪಹಣಿ ಇಡುವ ಜಾಗದಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ನಮ್ಮ ಕಡೆ ತೆರಿಗೆ ಜಾಲತಾಣದ ಪಾಸ್‌ವರ್ಡುಗಳು ಆಡಿಟರ ಗುಮಾಸ್ತನ ನೋಟ್‌ಬುಕ್ಕಿನಲ್ಲಿರುತ್ತವೆ. ಡಿಜಿಟಲ್ ಸಹಿಯ ಟೋಕನ್ನಿಗೆ ಪಿನ್ ಬರೆದ ಚೀಟಿ ಅಂಟಿಸಿ ಕೊಟ್ಟವರನ್ನೂ ನೋಡಿದ್ದೇನೆ. 247ನೇ ಸೆಕ್ಷನ್ನಿಗೆ ಹೆದರುವವರು ಇದಕ್ಕೇಕೆ ಹೆದರುವುದಿಲ್ಲವೋ ನನಗೆ ತಿಳಿಯದು.

ಕಡೂರು, ನಿವೃತ್ತ ನೌಕರ

ನಾನು ಮೂವತ್ತು ವರ್ಷ ಸರ್ಕಾರಿ ಕೆಲಸದಲ್ಲಿದ್ದವನು. ಮೇಲಿನ ಮಾತುಗಳಿಗೆ ಸ್ವಲ್ಪ ವಿರೋಧ ಹೇಳಬೇಕಾಗಿದೆ. ಎರಡು ಲೆಕ್ಕ ಇಡುವವರು ಈಗ ಎರಡನೆಯ ಪುಸ್ತಕವನ್ನು ಹುಲ್ಲಿನ ಮೆದೆಯಲ್ಲಿ ಬಚ್ಚಿಡುವುದಿಲ್ಲ, ಕ್ಲೌಡ್ ಖಾತೆಯಲ್ಲಿ ಇಡುತ್ತಾರೆ. ಬಾಗಿಲು, ಪೆಟ್ಟಿಗೆ, ತಿಜೋರಿಯ ಬೀಗ ಒಡೆಯುವ ಅಧಿಕಾರ ಹಳೆಯ ಕಾಯ್ದೆಯಲ್ಲೂ ಇತ್ತು. ಆಗ ಯಾರೂ ಸಂವಿಧಾನವನ್ನು ಎತ್ತಿ ಹಿಡಿದದ್ದನ್ನು ನಾನು ಕಂಡಿಲ್ಲ. ಬೆಂಗಳೂರಿನಲ್ಲಿ ಬೇನಾಮಿ ಸೈಟು ಮಾಡಿದವನ ಕಂಪ್ಯೂಟರನ್ನು ಅವನ ಅಪ್ಪಣೆ ಪಡೆದು ತೆರೆಯಲು ಸಾಧ್ಯವೇ?

ಒಂದು ವಿಷಯದಲ್ಲಿ ಮಾತ್ರ ವಕೀಲರ ಮಾತನ್ನು ಒಪ್ಪುತ್ತೇನೆ, ಅದಕ್ಕೆ ನನ್ನದೇ ಅನುಭವವಿದೆ. ನಿವೃತ್ತಿಯ ನಂತರ ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಸಂಘವೊಂದರ ಕಂಪ್ಯೂಟರನ್ನು ಯಾವುದೋ ದೂರಿನ ವಿಚಾರಣೆಗೆಂದು ಕೊಂಡೊಯ್ದರು. ಮಹಜರಿನಲ್ಲಿ ‘ಕಪ್ಪು ಬಣ್ಣದ ಸಿಪಿಯು ಒಂದು’ ಎಂದಷ್ಟೇ ಬರೆದಿದ್ದರು. ಹದಿನಾಲ್ಕು ತಿಂಗಳ ಮೇಲೆ ಹಿಂದಿರುಗಿದಾಗ ಒಳಗಿನ ಎರಡು ವರ್ಷದ ಲೆಕ್ಕ ತೆರೆಯಲಿಲ್ಲ. ಕೇಳಿದರೆ, ‘ಸಿಪಿಯು ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಬಂತು. ಬರೆದುಕೊಂಡದ್ದು ಡಬ್ಬಿಯನ್ನು, ಡಬ್ಬಿಯನ್ನೇ ಹಿಂದಿರುಗಿಸಿದರು.

ಹಾಸನದ ವಕೀಲ

ಹಿರಿಯರ ಮಾತಿಗೆ ಗೌರವಪೂರ್ವಕವಾಗಿ ಒಂದೇ ತಕರಾರು. ತಿಜೋರಿಯಲ್ಲಿ ಹಣ, ಒಡವೆ, ಪತ್ರಗಳಿರುತ್ತಿದ್ದವು; ಮಗಳ ಕಥೆಗಳು, ಹೆಂಡತಿಯ ರೋಗದ ವಿವರ ಇರುತ್ತಿರಲಿಲ್ಲ. ಅಧಿಕಾರ ಬೇಡವೆಂದು ನಾನೂ ಹೇಳುತ್ತಿಲ್ಲ. ಲೆಕ್ಕಕ್ಕೆ ಸಂಬಂಧಿಸಿದ ಕಡತಗಳನ್ನು ಬೇರ್ಪಡಿಸಿ ನೋಡಬೇಕೆಂಬ, ಉಳಿದದ್ದನ್ನು ನಕಲು ಮಾಡಿಕೊಳ್ಳಬಾರದೆಂಬ ಮಿತಿಯನ್ನು ಕಾಯ್ದೆಯೇ ಹಾಕಬೇಕೆನ್ನುತ್ತೇನೆ.

ಇದನ್ನು ಯಾವುದೋ ಒಂದು ಪಕ್ಷದ ತಲೆಗೆ ಕಟ್ಟುವುದೂ ಸರಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ನಿನಡಿ, ಗೂಢಲಿಪಿ ಬಿಡಿಸಲು ನೆರವಾಗದವರಿಗೆ ಏಳು ವರ್ಷಗಳವರೆಗೆ ಸಜೆ ವಿಧಿಸಬಹುದು. ಅದು ಈಗಿನ ರೂಪಕ್ಕೆ ಬಂದ ತಿದ್ದುಪಡಿಯನ್ನು 2008ರ ಡಿಸೆಂಬರ್‌ನಲ್ಲಿ, ಯುಪಿಎ ಸರ್ಕಾರವಿದ್ದಾಗ, ಚರ್ಚೆಯೇ ಇಲ್ಲವೆಂಬಂತೆ ಸಂಸತ್ತು ಅಂಗೀಕರಿಸಿತು. ಹತ್ತು ವರ್ಷಗಳ ಮೇಲೆ, 2018ರ ಡಿಸೆಂಬರ್ 20ರಂದು, ಎನ್‌ಡಿಎ ಸರ್ಕಾರ ಅದರಡಿಯಲ್ಲೇ ಹತ್ತು ಸಂಸ್ಥೆಗಳಿಗೆ ಅಧಿಕಾರ ಕೊಟ್ಟ ಆದೇಶ ಹೊರಡಿಸಿತು. ವಿರೋಧ ಪಕ್ಷದಲ್ಲಿದ್ದಾಗ ಕೂಗಿದವರು ಅಧಿಕಾರಕ್ಕೆ ಬಂದು ಈ ಸೆಕ್ಷನ್ನುಗಳನ್ನು ಕೈಬಿಟ್ಟದ್ದನ್ನು ನಾನಂತೂ ನೋಡಿಲ್ಲ. ಜನ ಕೂಗಿದಾಗ ಸರ್ಕಾರ ಹಿಂದೆ ಸರಿದದ್ದು ಉಂಟು: ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆಪ್ ಮೊದಲೇ ಇರಬೇಕೆಂದು 2025ರ ನವೆಂಬರ್ 28ರಂದು ಹೊರಡಿಸಿದ ನಿರ್ದೇಶನವನ್ನು ಡಿಸೆಂಬರ್ 3ರಂದೇ ಹಿಂಪಡೆಯಲಾಯಿತು.

ಮಲ್ಲಂದೂರು ಬೆಳೆಗಾರ

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಚೆಕ್‌ರೋಲ್ ಮತ್ತು ಪುಡಿ ವ್ಯಾಪಾರದ ಲೆಕ್ಕವನ್ನು ಮಗಳ ಹಳೆಯ ಲ್ಯಾಪ್‌ಟಾಪಿಗೆ ಸಾಗಿಸುವ ಕೆಲಸವನ್ನು ನಿನ್ನೆ ರಾತ್ರಿಯೇ ಆರಂಭಿಸಿದ್ದೇನೆ. ಇನ್ನು ಮುಂದೆ ಅದು ಮೇಜಿನ ಮೇಲಿನ ಪುಸ್ತಕ, ಇದು ಬೀರು. ಕಾನೂನಿನ ಕಣ್ಣಿಗೆ ಈ ವ್ಯತ್ಯಾಸ ಕಾಣುವುದೋ ಇಲ್ಲವೋ, ಮನೆಯವರಿಗಂತೂ ನೆಮ್ಮದಿಯಾಗಿದೆ. 48 ಅಂಕಿಗಳು ಪಹಣಿಯ ಫೈಲಿಗೆ ಸೇರಿದವು.

ಹ್ಯಾಷ್ ಎಂದರೇನೆಂದು ಮಗಳು ತೋರಿಸಿಕೊಟ್ಟಳು. ಮಳೆ ಲೆಕ್ಕದ ಕಡತಕ್ಕೆ 64 ಅಕ್ಷರಗಳ ಸಾಲೊಂದು ಬಂತು. ಜೂನ್ ತಿಂಗಳ ಒಂದು ದಿನದ ಮಳೆಯನ್ನು ನಾಲ್ಕು ಸೆಂಟ್‌ನಿಂದ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ) ಐದು ಸೆಂಟ್‌ಗೆ ತಿದ್ದಿ ಮತ್ತೆ ತೆಗೆಸಿದೆ. ಸಾಲು ಗುರುತೇ ಸಿಗದಷ್ಟು ಬದಲಾಗಿತ್ತು. ತಿದ್ದಿದ್ದನ್ನು ಮೊದಲಿನಂತೆ ಮಾಡಿ, ಆಗ ಬಂದ ಸಾಲನ್ನು ಚೀಟಿಯಲ್ಲಿ ಬರೆದು ದಿನಾಂಕ ಹಾಕಿ ಇಟ್ಟಿದ್ದೇನೆ. ವಕೀಲರಲ್ಲಿ ಒಂದೇ ಒಂದು ವಿನಂತಿ: ಮಹಜರಿನ ಕಾಗದಕ್ಕೆ ಸಹಿ ಹಾಕುವಾಗ, ‘ಹ್ಯಾಷ್ ಮೌಲ್ಯವನ್ನು ನಮಗೆ ತಿಳಿಸಿಲ್ಲ’ ಎಂದು ನಾವೇ ನಮ್ಮ ಕೈಬರಹದಲ್ಲಿ ಸೇರಿಸಬಹುದೇ?

ಹಾಸನದ ವಕೀಲ

ಖಂಡಿತ ಸೇರಿಸಿ. ಬರೆಯಲು ಬಿಡದಿದ್ದರೆ, ಅದೇ ದಿನ ಆ ಮಾತನ್ನು ಪತ್ರದಲ್ಲಿ ಬರೆದು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ರಸೀದಿಯನ್ನು ಇಟ್ಟುಕೊಳ್ಳಿ.