ಮೂರು ದಿನದಿಂದ ಬಿಕ್ಕಳಿಕೆ, ಜೊತೆಗೆ ಎದೆ ಢವಢವ. ವಾಚಿನದೋ ನನ್ನದೋ ತೊಂದರೆ?

ಕುಂದವಾಡ_ಪೆಡಲ್:
ದಾವಣಗೆರೆ. ವಯಸ್ಸು 38. ಬಿಕ್ಕಳಿಕೆ ಶುರುವಾದರೆ ಅರ್ಧ ಗಂಟೆ ಬಿಡುವುದಿಲ್ಲ, ನಿಂತ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಸುಮ್ನೆ ಕೂತರೂ ಎದೆ ಢವಢವ, ವಾಚಿನಲ್ಲಿ ನಿಮಿಷಕ್ಕೆ 118 ಬಡಿತ. ಸಕ್ಕರೆ ತಿಂದೆ, ಉಸಿರು ಬಿಗಿಹಿಡಿದೆ. ಅಮ್ಮ "ಯಾರೋ ನೆನೆಸ್ಕೊಳ್ತಿದಾರೆ" ಅಂತಾರೆ. ಮೂರು ದಿನ ಬಿಡದೆ ನೆನೆಸಲು ನಾನು ಯಾರ ಸಾಲವನ್ನೂ ಉಳಿಸಿಕೊಂಡಿಲ್ಲ! ಬೇರೆ ಕಾಯಿಲೆ ಏನಿಲ್ಲ. ಭಾನುವಾರ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಸೈಕಲ್ ರೈಡ್ ಇದೆ, ಬೇಗ ಹೇಳಿ.

ಮಂಡಕ್ಕಿ_ಮಾವ:
ಗ್ಯಾಸು. ಸಂಜೆ ಮಿರ್ಚಿ ಎಷ್ಟು ತಿಂದೆ ಹೇಳು ತಮ್ಮಾ.

ಪಟ್ಟಿ_ಬಿಗಿ:
ವಾಚು ಸಡಿಲ ಇರುತ್ತದೆ. ಹಸಿರು ಲೈಟು ಚರ್ಮಕ್ಕೆ ಅಂಟದಿದ್ದರೆ ಸುಳ್ಳು ಲೆಕ್ಕ ಬರುತ್ತದೆ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ.

ಕುಂದವಾಡ_ಪೆಡಲ್:
ಕಟ್ಟಿದೆ. ಕೈಯಲ್ಲೇ ಒಂದು ನಿಮಿಷ ಎಣಿಸಿದೆ, 112.

ಪಟ್ಟಿ_ಬಿಗಿ:
ಹಾಗಾದರೆ ವಾಚಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಅಪ್ಡೇಟ್ ಮಾಡಿ ನೋಡಿ.

ಕೋಟೆ_ಗೇರ್:
ಗುರೂ, ಕೈಯಲ್ಲಿ ಎಣಿಸಿದ್ದಕ್ಕೂ ಫರ್ಮ್‌ವೇರಾ? ನಾನು ಎದೆಗೆ ಕಟ್ಟುವ ಪಟ್ಟಿ ತಗೊಂಡೆ. ಜೋಗಿಮಟ್ಟಿ ಏರಿನಲ್ಲಿ 174 ತೋರಿಸಿತು, ಆದರೂ ಇಳಿಯದೆ ಹತ್ತಿದೆ.

ಮಂಡಕ್ಕಿ_ಮಾವ:
ಗ್ಯಾಸೇ. ಬೆಣ್ಣೆ ದೋಸೆ ತಿಂದರೆ ಹೀಗೆ ಆಗಲ್ಲ, ಈಗ ಹಾಕೋದು ಡಾಲ್ಡಾ.

ಕೋಟೆ_ಗೇರ್:
ಎಲ್ಲ ಹೋಟೆಲಿಗೂ ಒಂದೇ ಮಾತು ಬೇಡ ಮಾವ.

ವಾರ್ಡ್_ಅಕ್ಕ:
ದೋಸೆ ಬಿಡಿ. ಪೆಡಲ್ ತಮ್ಮಾ, ಔಷಧಿ ಏನು ತಗೊಳ್ಳುತ್ತೀಯ?

ಕುಂದವಾಡ_ಪೆಡಲ್:
ಏನಿಲ್ಲ ಅಕ್ಕ. ಉಬ್ಬಸಕ್ಕೆ ನೀಲಿ ಪಫ್ ಇದೆ, ಅದು ಮಾತ್ರೆ ಅಲ್ವಲ್ಲ. ಹೋದ ವಾರ ಕೆಮ್ಮಿಗೆ ಡಾಕ್ಟರ್ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಇನ್ನೂ ನುಂಗುತ್ತಿದ್ದೇನೆ. ಪಫ್ ದಿನಕ್ಕೆ ಏಳೆಂಟು ಸಲ ಎಳೆಯುತ್ತೇನೆ.

ವಾರ್ಡ್_ಅಕ್ಕ:
ಇದನ್ನು ಮೊದಲೇ ಹೇಳಬೇಕಿತ್ತು! ನೀಲಿ ಪಫ್‌ನಲ್ಲಿರುವುದು ಸಾಮಾನ್ಯವಾಗಿ ಸಾಲ್ಬುಟಮಾಲ್, ಉಸಿರಿನ ದಾರಿ ಸಡಿಲಿಸುವ ಔಷಧಿ. ಜಾಸ್ತಿ ಎಳೆದರೆ ಎದೆ ಹೊಡೆದುಕೊಳ್ಳುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಕೂಡ ಇಳಿಯಬಹುದು. ಡೆಕ್ಸಾಮೆಥಾಸೋನ್‌ನಿಂದ ಕೆಲವರಿಗೆ ಬಿಕ್ಕಳಿಕೆ ಬರುತ್ತದೆ. ಮಾವ ಹೇಳುವ ಗ್ಯಾಸು, ಹುಳಿತೇಗಿನಿಂದಲೂ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ 48 ಗಂಟೆ ದಾಟಿದ ಬಿಕ್ಕಳಿಕೆಯನ್ನು ಮನೆಯಲ್ಲಿ ಕೂತು ನೋಡಬಾರದು. ಅಪರೂಪಕ್ಕೆ ಹೃದಯದ ತೊಂದರೆಯೂ ಬಿಕ್ಕಳಿಕೆಯಾಗಿ ಕಾಣಿಸುತ್ತದೆ. ನೀನಾಗೇ ಮಾತ್ರೆ ನಿಲ್ಲಿಸಬೇಡ, ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡು. ಪಫ್ ಇಷ್ಟು ಸಲ ಬೇಕಾಗುತ್ತಿದೆ ಅಂದರೆ ಉಬ್ಬಸವೇ ಹತೋಟಿಯಲ್ಲಿಲ್ಲ, ಅದನ್ನೂ ಹೇಳು. ಇಸಿಜಿ ಮಾಡಿಸು, ಪೊಟ್ಯಾಸಿಯಂ, ಥೈರಾಯ್ಡ್, ಹಿಮೋಗ್ಲೋಬಿನ್ ಕೇಳು. ಎದೆನೋವು, ತಲೆಸುತ್ತು, ಉಸಿರು ಕಟ್ಟಿದಂತೆ ಆದರೆ 108ಕ್ಕೆ ಕರೆ ಮಾಡು.

ಮಂಡಕ್ಕಿ_ಮಾವ:
ಸೋಡಾ ಕುಡಿದು ನೋಡಿದ್ದರೆ ಮೊದಲ ದಿನವೇ ಹೋಗುತ್ತಿತ್ತು.

ವಾರ್ಡ್_ಅಕ್ಕ:
ಸೋಡಾದ ಗ್ಯಾಸಿಗೆ ಬಿಕ್ಕಳಿಕೆ ಇನ್ನೂ ಏರುತ್ತದೆ ಮಾವ.

ಕುಂದವಾಡ_ಪೆಡಲ್:
ಫೋನ್ ಮಾಡಿದೆ ಅಕ್ಕ, ಈಗಲೇ ಬನ್ನಿ ಅಂದರು. ಹೊರಟೆ. ಭಾನುವಾರದ ರೈಡಿಗೆ ನನ್ನ ಹೆಸರು ತೆಗೆಯಿರಿ.

ಕೋಟೆ_ಗೇರ್:
ಆ ಜಾಗ ನನ್ನ ತಮ್ಮನಿಗೆ ಕೊಡಬಹುದಾ?