ಸಹಾಯ ಬೇಕು: ಬ್ಲಾಕ್ ಮಾಡಿದ್ದಾನಾ, ಅಕೌಂಟನ್ನೇ ಮುಚ್ಚಿದ್ದಾನಾ?

ಕೇಳೋಕೆ ಸ್ವಲ್ಪ ಮುಜುಗರ, ಆದರೂ ಕೇಳುತ್ತೇನೆ. ಮೊನ್ನೆವರೆಗೆ ಫೇಸ್‌ಬುಕ್‌ನಲ್ಲಿ ನನಗೆ 412 ಫ್ರೆಂಡ್ಸ್ ಇದ್ದರು. ಇವತ್ತು 411. ಸುಮ್ನೆ ಇರಬಹುದಿತ್ತು, ಹುಡುಕುತ್ತಾ ಕೂತೆ. ಹಳೇ ರೂಮ್‌ಮೇಟ್ ಹೆಸರು ಕಾಣಲಿಲ್ಲ.

ಅನ್‌ಫ್ರೆಂಡ್ ಮಾಡಿದರೆ ನೋಟಿಫಿಕೇಶನ್ ಬರಲ್ಲ ಅಂತ ಗೊತ್ತು. ಪ್ರೊಫೈಲ್ ತೆರೆದಾಗ 'ಆಡ್ ಫ್ರೆಂಡ್' ಬಟನ್ ಕಂಡರೆ ಕಥೆ ಮುಗೀತು ಅಂತಲೂ ಗೊತ್ತು. ಆದರೆ ಇಲ್ಲಿ ಪ್ರೊಫೈಲೇ ಸಿಗುತ್ತಿಲ್ಲ! ನನ್ನ ಹಳೇ ಫೋಟೊ ಕೆಳಗೆ 'ಲೋ, ಆ ಶರ್ಟ್ ನಂದು ಕಣೋ' ಅಂತ ಅವನು ಬರೆದಿದ್ದ. ಅದೂ ಮಾಯ. ಅದಕ್ಕೆ ನಾನು ಕೊಟ್ಟ ಉತ್ತರ, ಮೂರು ನಗುವ ಎಮೋಜಿ, ಅದೂ ಇಲ್ಲ. ಮೆಸೆಂಜರ್‌ನಲ್ಲಿ ಹಳೇ ಚಾಟ್ ಮಾತ್ರ ಹಾಗೇ ಇದೆ. ಕೊನೆಯ ಮೆಸೇಜ್ ನನ್ನದೇ. ಜಗಳ ಏನೂ ಆಗಿರಲಿಲ್ಲ. ಆಗಿತ್ತಾ? ನನಗಂತೂ ನೆನಪಿಲ್ಲ.

ಬ್ಲಾಕ್ ಮಾಡಿದರೂ, ಅಕೌಂಟ್ ಡಿಆ್ಯಕ್ಟಿವೇಟ್ ಮಾಡಿದರೂ ನನಗೆ ಕಾಣುವುದು ಹೆಚ್ಚುಕಮ್ಮಿ ಹೀಗೇ ಅಲ್ವಾ? ಇಬ್ಬರಿಗೂ ಗೊತ್ತಿರುವ ಒಬ್ಬರ ಫೋನಿನಲ್ಲಿ ಹುಡುಕಿಸಬಹುದು. ಅಲ್ಲಿ ಪ್ರೊಫೈಲ್ ಕಂಡರೆ ಬ್ಲಾಕ್ ಅಂತ ಅರ್ಥ. ಆದರೆ ಆ ವಿಷಯ ಸಂಜೆಯೊಳಗೆ ಅವನ ಕಿವಿಗೆ ಬೀಳುತ್ತದೆ, ಗ್ಯಾರಂಟಿ.

'ನಿಮ್ಮನ್ನು ಅನ್‌ಫ್ರೆಂಡ್ ಮಾಡಿದವರು ಯಾರು' ಅಂತ ತೋರಿಸುವ ಆ್ಯಪ್ ಒಂದನ್ನೂ ಹಾಕಿಕೊಂಡೆ. ತೆರೆದ ಕೂಡಲೇ ಫೇಸ್‌ಬುಕ್ ಪಾಸ್‌ವರ್ಡ್ ಕೇಳಿತು. ಹೆದರಿ ತೆಗೆದುಹಾಕಿದೆ. ಅಂಥದ್ದನ್ನು ದಯವಿಟ್ಟು ಹೇಳಬೇಡಿ.

ಯಾರಿಗೂ ಗೊತ್ತಾಗದ ಹಾಗೆ ತಿಳಿಯುವ ದಾರಿ ಬೇರೆ ಇದೆಯಾ? ಅಥವಾ ನೇರವಾಗಿ ಫೋನ್ ಮಾಡಿಬಿಡಲಾ? ನಂಬರ್ ಇದೆ, ಧೈರ್ಯ ಇಲ್ಲ.