ರಾಯಚೂರಿನ ಹಳೆಯ ಘಟಕಗಳನ್ನು ಮುಚ್ಚಿದರೆ ಉಳಿಯುವುದೆಷ್ಟು, ಹೊರೆ ಯಾರಿಗೆ?

ಪ್ರಶ್ನೆ:
ರಾಯಚೂರು ಬಳಿಯ ಶಕ್ತಿನಗರದಲ್ಲಿರುವ ಕಲ್ಲಿದ್ದಲು ಆಧಾರಿತ ಉಷ್ಣ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಈಗ ಅಲ್ಲಿರುವ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಕಲ್ಲಿದ್ದಲ ಗಣಿಯೇ ಇಲ್ಲದ ನಮ್ಮ ರಾಜ್ಯ ತೆಲಂಗಾಣ, ಮಹಾರಾಷ್ಟ್ರ, ಒಡಿಶಾಗಳಿಂದ ಅದನ್ನು ರೈಲಿನಲ್ಲಿ ತರಿಸಿಕೊಳ್ಳುತ್ತದೆ. 210 ಮೆಗಾವ್ಯಾಟ್‌ನ ಒಂದೇ ಘಟಕ ಪೂರ್ಣ ಪ್ರಮಾಣದಲ್ಲಿ ನಡೆದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗೂಡ್ಸ್ ರೈಲಿನಷ್ಟು ಕಲ್ಲಿದ್ದಲು ಬೇಕು. ಇತ್ತ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಸೌರ ವಿದ್ಯುತ್ತಿನ ದರ 2017ರಲ್ಲೇ ಯೂನಿಟ್‌ಗೆ 2.44 ರೂಪಾಯಿಗೆ ಇಳಿದಿತ್ತು. ಹೀಗಿದ್ದೂ ಹಳೆಯ ಘಟಕಗಳನ್ನು ಉಳಿಸಿಕೊಳ್ಳುವುದರಲ್ಲಿ ಆರ್ಥಿಕವಾಗಿ ಏನು ಅರ್ಥವಿದೆ?

ಉತ್ತರ 1:
2.44 ರೂಪಾಯಿ ಎಂಬುದು ಬಿಸಿಲಿರುವ ಹೊತ್ತಿನ ದರ. ಸಂಜೆ ಏಳಕ್ಕೆ ಮನೆಮನೆಯಲ್ಲೂ ದೀಪ ಹೊತ್ತಿದಾಗ ಬೇಕಾಗುವ ಯೂನಿಟ್‌ಗೆ ಬ್ಯಾಟರಿ ಅಥವಾ ಪಂಪ್ಡ್ ಸ್ಟೋರೇಜ್‌ನ (ಅಗ್ಗದ ಹೊತ್ತಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ವ್ಯವಸ್ಥೆ) ಖರ್ಚನ್ನೂ ಸೇರಿಸಬೇಕು. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ಉಷ್ಣ ಸ್ಥಾವರಗಳಿಗೆ ಎಸ್ಕಾಂಗಳು (ಮನೆಮನೆಗೆ ವಿದ್ಯುತ್ ಪೂರೈಸುವ ಕಂಪನಿಗಳು) ಇಂಧನ ವೆಚ್ಚದ ಜೊತೆಗೆ ಸಾಲದ ಬಡ್ಡಿಯಂಥ ಸ್ಥಿರ ವೆಚ್ಚವನ್ನೂ ಕೊಡುತ್ತವೆ; ವಿದ್ಯುತ್ ಪಡೆಯದೆ ಸ್ಥಾವರವನ್ನು ಸುಮ್ಮನೆ ನಿಲ್ಲಿಸಿದರೂ ಅದು ತಪ್ಪುವುದಿಲ್ಲ. ಸಾಲ ಬಹುಪಾಲು ತೀರಿರುವ ಹಳೆಯ ಘಟಕಗಳಲ್ಲಿ ಈ ಮೊತ್ತ ಕಡಿಮೆ, ಪಕ್ಕದ ಯರಮರಸ್‌ನ 800 ಮೆಗಾವ್ಯಾಟ್‌ನ ಎರಡು ಹೊಸ ಘಟಕಗಳಲ್ಲಿ ಹೆಚ್ಚು. ಆದ್ದರಿಂದ ಹಳೆಯದನ್ನು ಮುಚ್ಚಿದರೆ ಇಂಧನದ ಹಣವೇನೋ ಉಳಿಯುತ್ತದೆ, ಬಡ್ಡಿಯ ಹೊರೆ ಇದ್ದಲ್ಲೇ ಇರುತ್ತದೆ. 2023ರ ಬರದಲ್ಲಿ ಜಲಾಶಯಗಳು ತುಂಬದೆ, ಪಂಪ್‌ಸೆಟ್‌ಗಳ ಬೇಡಿಕೆ ಏರಿದಾಗ, ಖಾಸಗಿ ಉತ್ಪಾದಕರು ಹೊರರಾಜ್ಯಕ್ಕೆ ವಿದ್ಯುತ್ ಮಾರದಂತೆ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಬೇಕಾಯಿತು. ಅಂಥ ವರ್ಷಕ್ಕೆ ಕೈಯಲ್ಲಿ ಏನಿರಬೇಕು ಎಂಬುದೂ ಖರ್ಚಿನ ಲೆಕ್ಕಕ್ಕೇ ಸೇರಿದ್ದು.

ಉತ್ತರ 2:
ಮೇಲಿನ ಲೆಕ್ಕ ಸರಿ, ಆದರೆ ಅದರಲ್ಲಿ ಮನುಷ್ಯರಿಲ್ಲ. ಸ್ಥಾವರ ಮುಚ್ಚಿದರೆ ಅದನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿ) ಕಾಯಂ ನೌಕರರಿಗೆ ಬೇರೆಡೆಗೆ ವರ್ಗವಾದೀತು. ಕಲ್ಲಿದ್ದಲು ಇಳಿಸುವ, ಬೂದಿ ತೆಗೆಯುವ ಗುತ್ತಿಗೆ ಕಾರ್ಮಿಕರಿಗೆ ಆ ಅವಕಾಶವಿಲ್ಲ. ಹಾರುಬೂದಿಯನ್ನು ನಂಬಿಕೊಂಡ ಇಟ್ಟಿಗೆ ತಯಾರಕರು, ಟ್ಯಾಂಕರ್ ಚಾಲಕರು, ಟೌನ್‌ಶಿಪ್ ಎದುರಿನ ಅಂಗಡಿಯವರು ಯಾವ ಪರಿಹಾರದ ಪಟ್ಟಿಯಲ್ಲೂ ಬರುವವರಲ್ಲ. ಅದೇ ಬೂದಿಯನ್ನು ದಿನವೂ ಉಸಿರಾಡುವ ಸುತ್ತಲಿನ ಹಳ್ಳಿಗಳ ಆಸ್ಪತ್ರೆ ಖರ್ಚು ಇಂದಿನ ವಿದ್ಯುತ್ ದರದಲ್ಲಿ ಕಾಣುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಉತ್ತರ 3:
ಪಾವಗಡದಲ್ಲೂ ಇದೇ ಆಯಿತು. 2,050 ಮೆಗಾವ್ಯಾಟ್ ಸೌರ ಪಾರ್ಕ್‌ಗಾಗಿ ಸುಮಾರು 13,000 ಎಕರೆಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಜಮೀನುದಾರರಿಗೆ ಇದು ನಿಶ್ಚಿತ ಆದಾಯ, ನನ್ನ ಮಟ್ಟಿಗೆ ಒಳ್ಳೆಯ ಏರ್ಪಾಡೇ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರ ಹೆಸರಿಗೆ ಪಹಣಿ ಇರಲಿಲ್ಲ, ಹಾಗಾಗಿ ಬಾಡಿಗೆಯೂ ಬರಲಿಲ್ಲ. ಕುರಿ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಿತ್ತು.

ಪ್ರಶ್ನೆ ಕೇಳಿದವರು:
ಹಾಗಾದರೆ ಮುಚ್ಚುವುದೇ ಬೇಡ ಎನ್ನುತ್ತೀರಾ?

ಉತ್ತರ 1:
ಇಲ್ಲ. ಸಂಜೆಯ ಬೇಡಿಕೆಗೆ ಬದಲಿ ವ್ಯವಸ್ಥೆ ಸಿದ್ಧವಾಗುವವರೆಗೆ ಹಳೆಯ ಘಟಕಗಳನ್ನು ಬೇಸಿಗೆಗೂ ಬರಗಾಲಕ್ಕೂ ಮೀಸಲಿಟ್ಟು, ನಂತರ ಒಂದೊಂದಾಗಿ ನಿಲ್ಲಿಸಬಹುದು. ಆದರೆ ಬದಲಿ ಎಂದು ತೋರಿಸುತ್ತಿರುವ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಕಾಡಿನಲ್ಲೇ ಹಾಯುತ್ತದೆ. ಆ ಬೆಲೆಯನ್ನು ಯಾವ ಯೂನಿಟ್ ದರಕ್ಕೆ ಸೇರಿಸುತ್ತಾರೆಂದು ವಿದ್ಯುತ್ ದರ ನಿಗದಿಪಡಿಸುವ ರಾಜ್ಯದ ಆಯೋಗವಾದ ಕೆಇಆರ್‌ಸಿಯ ವಿಚಾರಣೆಯಲ್ಲಿ ಯಾರಾದರೂ ಕೇಳಬೇಕು.